ಮಳೆ-ಬಿಸಿಲಿಗೆ ಒಡ್ಡಿದ ಮರಗೆಲಸಕ್ಕೆ ಯಾವ ಪ್ರೈಮರ್?

ಪ್ರತಿ ವರ್ಷ ಮಳೆಗಾಲ ಮುಗಿದು ಅಕ್ಟೋಬರ್ ತಿಂಗಳು ಕಾಲಿಡುತ್ತಿದ್ದಂತೆ ಬಣ್ಣದ ಮಳಿಗೆಗಳಿಗೆ ಎರಡು ಬಗೆಯ ಗ್ರಾಹಕರು ಬರುತ್ತಾರೆ. ದೀಪಾವಳಿಯೊಳಗೆ ಮನೆಗೆ ಬಣ್ಣ ಮಾಡಿಸಬೇಕೆನ್ನುವವರು ಒಂದು ಬಗೆ. ಕಳೆದ ಬೇಸಿಗೆಯಲ್ಲಷ್ಟೇ ಹಚ್ಚಿಸಿದ ಬಣ್ಣವು ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಎದ್ದು ಬಂದಿದೆಯೆಂದು ದೂರು ಹೊತ್ತು ಬರುವವರು ಇನ್ನೊಂದು ಬಗೆ. ಎರಡನೆಯ ಬಗೆಯ ಗ್ರಾಹಕರು ಮೊದಲು ದೂರುವುದು ಬಣ್ಣದ ಕಂಪನಿಯನ್ನು, ಅನಂತರ ಪೇಂಟರನ್ನು, ಕೊನೆಗೆ ಡಬ್ಬಿ ಮಾರಿದ ವರ್ತಕನನ್ನು. ಆದರೆ ಎದ್ದು ಬಂದ ಬಣ್ಣದ ಚೂರೊಂದನ್ನು ಕೈಗೆತ್ತಿಕೊಂಡು ಅದರ ಹಿಂಬದಿಯನ್ನು ನೋಡಿದರೆ ಕಾರಣವು ಬೇರೆಡೆಯಿರುವುದು ಬಹುಮಟ್ಟಿಗೆ ತಿಳಿಯುತ್ತದೆ. ಮೇಲಿನ ಎನಾಮಲ್ ಗಟ್ಟಿಯಾಗಿಯೇ ಇರುತ್ತದೆ. ಅದರ ಅಡಿಯ ಪದರವು ಮರವನ್ನು ಬಿಟ್ಟುಕೊಟ್ಟಿರುತ್ತದೆ. "ಮೇಲೆ ಥಳುಕು, ಒಳಗೆ ಹುಳುಕು" ಎಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ.

ಕಿಟಕಿಯ ಚೌಕಟ್ಟು, ಹೊರಬಾಗಿಲಿನ ದಾರಂದ, ಹೆಂಚಿನ ಮಾಡಿನ ಅಂಚಿಗೆ ಹೊಡೆಯುವ ಹಲಗೆ, ಜಗುಲಿಯ ಕಟಾಂಜನ, ಬೆಂಗಳೂರಿನ ದಂಡು ಪ್ರದೇಶದ ಹಳೆಯ ಬಂಗಲೆಗಳ "ಮಂಕಿ ಟಾಪ್" ಎಂಬ ಜಾಲರಿಯ ಮರಗೆಲಸ - ಇವೆಲ್ಲವೂ ಗೋಡೆಗಿಂತ ಹೆಚ್ಚಾಗಿ ಮಳೆ-ಬಿಸಿಲಿಗೆ ಮೈಯೊಡ್ಡಿ ನಿಲ್ಲುವ ಭಾಗಗಳು. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿನಲ್ಲಾಗಲಿ, 1,000 ಮಿ.ಮೀ. ಆಸುಪಾಸಿನ ಬೆಂಗಳೂರಿನಲ್ಲಾಗಲಿ ಇವುಗಳ ಆಯುಷ್ಯವನ್ನು ನಿರ್ಧರಿಸುವುದು ಕೊನೆಯ ಕೋಟ್ ಅಲ್ಲ, ಮೊದಲ ಕೋಟ್. ಆದ್ದರಿಂದ ಬಣ್ಣ ಮಾರುವ ವರ್ತಕರೂ ಬಾಗಿಲು-ಕಿಟಕಿ ತಯಾರಿಸುವ ಸಣ್ಣ ಘಟಕಗಳೂ ಪ್ರೈಮರ್ ಆಯ್ಕೆಯ ಮೂಲತತ್ತ್ವವನ್ನು ಅರಿತಿರುವುದು ವ್ಯವಹಾರದ ದೃಷ್ಟಿಯಿಂದಲೇ ಅವಶ್ಯಕವಾಗಿದೆ.

ಪ್ರೈಮರ್ ಮಾಡುವ ಕೆಲಸ

ಪ್ರೈಮರನ್ನು "ಅಗ್ಗದ ಮೊದಲ ಬಣ್ಣ" ಎಂದು ಭಾವಿಸುವವರು ಇಂದಿಗೂ ಉಂಟು. ವಾಸ್ತವದಲ್ಲಿ ಅದಕ್ಕೆ ಮೂರು ಪ್ರತ್ಯೇಕ ಕೆಲಸಗಳಿವೆ. ಮರದ ಮೇಲ್ಮೈಯ ಸೂಕ್ಷ್ಮ ರಂಧ್ರಗಳೊಳಗೆ ಇಳಿದು ಕಚ್ಚಿಕೊಳ್ಳುವುದು ಮೊದಲನೆಯದು. ಮರದೊಳಗಿನ ಬಣ್ಣ, ಒಗರು, ರಾಳಗಳು ಮೇಲಿನ ಪದರಕ್ಕೆ ಹತ್ತದಂತೆ ತಡೆಯುವುದು ಎರಡನೆಯದು. ಮೇಲೆ ಬರುವ ಬಣ್ಣವನ್ನು ಮರವು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಹೀರದಂತೆ ಮಾಡಿ, ಸಮನಾದ ಹಿಡಿತ ಒದಗಿಸುವುದು ಮೂರನೆಯದು.

ಮರವು ಕಬ್ಬಿಣದಂತೆ, ಗಾರೆಯಂತೆ ಸ್ಥಿರವಾದ ವಸ್ತುವಲ್ಲ. ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬಿಟ್ಟುಕೊಟ್ಟು ಕುಗ್ಗುತ್ತದೆ. ಉದ್ದದ ದಿಕ್ಕಿನಲ್ಲಿ ಈ ಬದಲಾವಣೆ ನಗಣ್ಯವಾದರೂ ಅಗಲದ ದಿಕ್ಕಿನಲ್ಲಿ ಕಣ್ಣಿಗೆ ಕಾಣುವಷ್ಟಿರುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ ಬೇಸಿಗೆಯಲ್ಲಿ ಸಡಿಲವಾಗುವುದು ಇದೇ ಕಾರಣದಿಂದ. ಗೋಡೆಗೆ ಹಚ್ಚುವ ಸಿಮೆಂಟ್ ಪ್ರೈಮರಾಗಲಿ, ಕಬ್ಬಿಣಕ್ಕೆಂದೇ ಇರುವ ರೆಡ್ ಆಕ್ಸೈಡ್ ಪ್ರೈಮರಾಗಲಿ ಮರಕ್ಕೆ ಸಲ್ಲದಿರಲು ಕಾರಣವೂ ಇದೇ. ಒಂದು ಗಾರೆಯ ಕ್ಷಾರವನ್ನು ತಡೆಯಲೆಂದು, ಇನ್ನೊಂದು ತುಕ್ಕು ತಡೆಯಲೆಂದು ರೂಪಿಸಿದ ವಸ್ತು. ಮರದೊಡನೆ ಹಿಗ್ಗಿ ಕುಗ್ಗುವ ಗುಣವನ್ನು ಅವುಗಳಿಂದ ನಿರೀಕ್ಷಿಸಲಾಗದು. "ಮಿಕ್ಕಿರುವ ಡಬ್ಬಿಯನ್ನೇ ಹಚ್ಚಿಬಿಡಿ" ಎಂಬ ಮಿತವ್ಯಯವು ಕೊನೆಗೆ ದುಬಾರಿಯಾಗುವುದು ಇಲ್ಲಿಯೇ.

ಮೊದಲ ಪ್ರಶ್ನೆ: ಮರ ಯಾವುದು?

ಪ್ರೈಮರ್ ಕೇಳಿ ಬಂದವರಿಗೆ ವರ್ತಕನು ಹಾಕಬೇಕಾದ ಮೊದಲ ಪ್ರಶ್ನೆ "ಎಷ್ಟು ಲೀಟರ್?" ಎಂಬುದಲ್ಲ, "ಮರ ಯಾವುದು?" ಎಂಬುದು.

ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಬಣ್ಣ ತಿರುಗುವುದನ್ನು ಅನೇಕರು ಬಲ್ಲರು. ಸಕ್ಕರೆ ಕಾಯಿಲೆಗೆ ಮನೆಮದ್ದೆಂದು ಈ ನೀರನ್ನು ಕುಡಿಯುವ ರೂಢಿಯಿದೆ. ಲೋಟದಲ್ಲಿ ನಡೆಯುವ ಇದೇ ಕ್ರಿಯೆಯು ಹೊನ್ನೆಯ ಕಿಟಕಿಗೆ ಮಳೆನೀರು ತಾಗಿದಾಗಲೂ ನಡೆಯುತ್ತದೆ. ಮರದ ಚೇಗಿನಲ್ಲಿರುವ ಬಣ್ಣವು ನೀರಿನಲ್ಲಿ ಕರಗಿ ಹೊರಬಂದು ಬಿಳಿಯ ಅಥವಾ ತಿಳಿಬಣ್ಣದ ಪೇಂಟಿನ ಮೇಲೆ ಹಳದಿ-ಕಂದು ಕಲೆಯಾಗಿ ಮೂಡುತ್ತದೆ. ಹಲಸಿನ ಮರವೂ ಇದೇ ಗುಣದ್ದು. ಅದರ ಚಕ್ಕೆಯನ್ನು ಕುದಿಸಿ ತೆಗೆದ ಹಳದಿ ಬಣ್ಣದಿಂದ ಬೌದ್ಧ ಭಿಕ್ಷುಗಳ ವಸ್ತ್ರಗಳಿಗೆ ಬಣ್ಣ ಕೊಡುವ ಪದ್ಧತಿ ಆಗ್ನೇಯ ಏಷ್ಯಾದಲ್ಲಿ ಬಹುಕಾಲದಿಂದ ಇದೆ. ಇನ್ನು ಒಗರು ಅಂಶ, ಅಂದರೆ ಟ್ಯಾನಿನ್ ಹೆಚ್ಚಿರುವ ಮರಗಳ ಸ್ವಭಾವವನ್ನು ಅಡಿಕೆಯ ಚೊಗರಿನ ಕಲೆಯನ್ನು ಬಲ್ಲ ಮಲೆನಾಡಿಗರಿಗೆ ವಿವರಿಸಬೇಕಿಲ್ಲ. ಇಂಥ ಮರಕ್ಕೆ ಸಾಧಾರಣ ಕಬ್ಬಿಣದ ಮೊಳೆ ಹೊಡೆದರೆ ಮೊಳೆಯ ಸುತ್ತ ಕಪ್ಪು ಕಲೆ ಹರಡುವುದೂ ಒಗರು ಮತ್ತು ಕಬ್ಬಿಣದ ಸಂಯೋಗದಿಂದಲೇ. ಈ ಬಗೆಯ ಮರಗಳಿಗೆ ಕಲೆ ತಡೆಯುವ ಸಾಮರ್ಥ್ಯವಿರುವ ಪ್ರೈಮರ್ ಮತ್ತು ತುಕ್ಕು ಹಿಡಿಯದ ಮೊಳೆ-ತಿರುಪುಗಳು ಎರಡೂ ಬೇಕು.

ತೇಗದ ಸಮಸ್ಯೆ ಬೇರೆ. ಅದರ ಸಹಜ ಜಿಡ್ಡು ಮರವನ್ನು ಕಾಪಾಡುವ ಗುಣವಾದರೂ ಬಣ್ಣಕ್ಕೆ ಪ್ರತಿಕೂಲ. ಎಣ್ಣೆ ಆಧಾರಿತ ಪ್ರೈಮರ್ ಅದರ ಮೇಲೆ ಒಣಗಲು ತಡಮಾಡುತ್ತದೆ, ಹಿಡಿತವೂ ಸಡಿಲ. ಮೇಲ್ಮೈಯನ್ನು ಹೊಸದಾಗಿ ಉಜ್ಜಿ, ಥಿನ್ನರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ, ಅದು ಆರಿದೊಡನೆಯೇ ಪ್ರೈಮರ್ ಹಚ್ಚುವುದು ಇದಕ್ಕೆ ಪರಿಹಾರ. ಒರೆಸಿ ಎರಡು ದಿನ ಬಿಟ್ಟರೆ ಜಿಡ್ಡು ಮತ್ತೆ ಮೇಲೆ ಬರುವುದರಿಂದ ಶ್ರಮ ವ್ಯರ್ಥ.

ಹಡಗುಗಳಲ್ಲಿ ಬರುವ ಪೈನ್ ಮರದ್ದು ಮೂರನೆಯ ಬಗೆ. ಇದರ ಗಂಟುಗಳಲ್ಲಿ ರಾಳ ಅಡಗಿರುತ್ತದೆ. ಬಿಸಿಲಿನ ಕಾವಿಗೆ, ಅದರಲ್ಲೂ ಗಾಢಬಣ್ಣ ಹಚ್ಚಿದ್ದರೆ, ರಾಳವು ಕರಗಿ ಹೊರಬರುತ್ತದೆ. ಪ್ರೈಮರ್ ಹಚ್ಚುವ ಮುನ್ನ ಗಂಟುಗಳಿಗೆ ಮಾತ್ರ ಅರಗಿನ ದ್ರಾವಣವನ್ನು ತೆಳುವಾಗಿ ಎರಡು ಬಾರಿ ಹಚ್ಚುವುದು ಹಳೆಯ ಹಾಗೂ ಇಂದಿಗೂ ಸಲ್ಲುವ ಕ್ರಮ. ಆದರೆ ಅರಗು ನೀರು-ಬಿಸಿಲಿಗೆ ತಾಳದ ಕಾರಣ ಹೊರಾಂಗಣದಲ್ಲಿ ಇಡೀ ಮರಕ್ಕೆ ಅದನ್ನೇ ಪ್ರೈಮರಾಗಿ ಬಳಸಲಾಗದು.

ಮರದ ಜಾತಿಯೇ ತಿಳಿಯದಿರುವುದು ಇತ್ತೀಚೆಗೆ ಸಾಮಾನ್ಯ. ಮ್ಯಾನ್ಮಾರ್ ದೇಶವು 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಷೇಧಿಸಿದ ಮೇಲೆ ತೇಗಕ್ಕೆ ಬದಲಾಗಿ ನಾನಾ ದೇಶಗಳ, ನಾನಾ ವ್ಯಾಪಾರಿ ಹೆಸರುಗಳ ಮರಗಳು ಮಾರುಕಟ್ಟೆಗೆ ಬಂದಿವೆ. ಸಂದೇಹವಿದ್ದಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಜಾತಿ ಗುರುತಿಸಿಕೊಳ್ಳಬಹುದು. ಅಷ್ಟು ವ್ಯವಧಾನವಿಲ್ಲದಿದ್ದರೆ ಒಂದು ಸರಳ ಪರೀಕ್ಷೆಯಿದೆ. ಮರದ ತುಂಡೊಂದರ ಮೇಲೆ ಒದ್ದೆಯಾದ ಬಿಳಿ ಬಟ್ಟೆಯನ್ನು ಒಂದು ರಾತ್ರಿ ಹಾಸಿಡಬೇಕು. ಬೆಳಿಗ್ಗೆ ಬಟ್ಟೆಗೆ ಬಣ್ಣ ಹತ್ತಿದ್ದರೆ ಕಲೆ ತಡೆಯುವ ಪ್ರೈಮರ್ ಅನಿವಾರ್ಯ. ಅದೇ ತುಂಡಿನ ಮೇಲೆ ಬಿದ್ದ ನೀರಿನ ಹನಿಯು ಹರಡದೆ ಮಣಿಯಂತೆಯೇ ನಿಂತರೆ ಮೇಲ್ಮೈಯಲ್ಲಿ ಜಿಡ್ಡಿದೆಯೆಂದೂ ಉಜ್ಜಿ ಒರೆಸದೆ ಪ್ರೈಮರ್ ಹಿಡಿಯದೆಂದೂ ತಿಳಿಯಬೇಕು.

ಎರಡನೆಯ ಪ್ರಶ್ನೆ: ತೇವ ಎಷ್ಟಿದೆ?

ಅತ್ಯುತ್ತಮ ಪ್ರೈಮರ್ ಕೂಡ ಹಸಿ ಮರದ ಮೇಲೆ ನಿಲ್ಲದು. ಒಳಗೆ ಸಿಕ್ಕಿಕೊಂಡ ನೀರು ಬಿಸಿಲು ಬಿದ್ದಾಗ ಆವಿಯಾಗಿ ಹೊರದಾರಿ ಹುಡುಕುತ್ತ ಬಣ್ಣದ ಪದರವನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ. ಬಾಗಿಲು-ಕಿಟಕಿಗಳ ಮರದಲ್ಲಿ ಇರಬಹುದಾದ ತೇವಾಂಶದ ಮಿತಿಯನ್ನು ಭಾರತೀಯ ಮಾನಕ ಐಎಸ್ 287 ನಿಗದಿಪಡಿಸಿದೆ. ವಾತಾವರಣದ ಆರ್ದ್ರತೆಯ ಆಧಾರದ ಮೇಲೆ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಒಣಪ್ರದೇಶಕ್ಕೆ ಕಡಿಮೆ, ಕರಾವಳಿಯಂಥ ಪ್ರದೇಶಕ್ಕೆ ತುಸು ಹೆಚ್ಚು ಮಿತಿಯನ್ನು ಅದು ಒಪ್ಪುತ್ತದೆ. ದಿನನಿತ್ಯದ ಕೆಲಸಕ್ಕೆ ಶೇಕಡ 15ನ್ನು ಮೇಲ್ಮಿತಿಯೆಂದು ಇಟ್ಟುಕೊಳ್ಳುವುದು ಕ್ಷೇಮ.

ಇದನ್ನು ಅಳೆಯಲು ಎರಡು ಸೂಜಿಗಳ ಸಣ್ಣ ತೇವಮಾಪಕಗಳು ಸುಲಭವಾಗಿ ದೊರೆಯುತ್ತವೆ. ಮಾಪಕವಿಲ್ಲದ ಘಟಕಗಳು ತಕ್ಕಡಿಯಿಂದಲೇ ಲೆಕ್ಕ ಹಾಕಬಹುದು. ಹಲಗೆಯ ನಡುವಿನಿಂದ ಒಂದು ತುಂಡು ಕೊಯ್ದು ತೂಗಿ, ಒಲೆಯಲ್ಲಿ ಸುಮಾರು 103 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೂಕ ಇನ್ನು ಇಳಿಯದು ಎಂಬ ಹಂತದವರೆಗೆ ಒಣಗಿಸಿ ಮತ್ತೆ ತೂಗಬೇಕು. ಮೊದಲಿಗೆ 115 ಗ್ರಾಂ ಇದ್ದದ್ದು 100 ಗ್ರಾಂಗೆ ಇಳಿದರೆ, ಕಳೆದ 15 ಗ್ರಾಂ ನೀರನ್ನು ಒಣತೂಕವಾದ 100ರಿಂದ ಭಾಗಿಸಿದಾಗ ತೇವಾಂಶ ಶೇಕಡ 15 ಎಂದಾಗುತ್ತದೆ.

ವ್ಯಾಪಾರದ ಹಂಗಾಮಿಗೂ ಮರದ ಹಂಗಾಮಿಗೂ ಇರುವ ವಿರಸವು ಇಲ್ಲಿ ಎದುರಾಗುತ್ತದೆ. ಬಣ್ಣದ ಬೇಡಿಕೆಯು ದೀಪಾವಳಿಯ ಮುನ್ನ ಏರುತ್ತದೆ. ಆದರೆ ನಾಲ್ಕು ತಿಂಗಳ ಮಳೆ ಕುಡಿದ ಮರವು ಆಗಿನ್ನೂ ಆರಿರುವುದಿಲ್ಲ. ಕರಾವಳಿ-ಮಲೆನಾಡುಗಳಲ್ಲಿ ಹೊರಾಂಗಣ ಮರಗೆಲಸಕ್ಕೆ ಪ್ರಶಸ್ತವಾದದ್ದು ಜನವರಿಯಿಂದ ಏಪ್ರಿಲ್ ವರೆಗಿನ ಒಣ ಅವಧಿ. "ಗೋಡೆಗೆ ದೀಪಾವಳಿ, ಮರಕ್ಕೆ ಯುಗಾದಿ" ಎಂದು ಗ್ರಾಹಕರಿಗೆ ತಿಳಿಹೇಳುವ ವರ್ತಕನು ಒಂದು ಮಾರಾಟವನ್ನು ಕೆಲವು ತಿಂಗಳು ಮುಂದೂಡುತ್ತಾನೆಯೇ ಹೊರತು ಕಳೆದುಕೊಳ್ಳುವುದಿಲ್ಲ.

ಹಾಗೆಂದು ಬರಿಮರವನ್ನು ಬಿಸಿಲಿಗೆ ತಿಂಗಳುಗಟ್ಟಲೆ ಬಿಡುವುದೂ ತಪ್ಪು. ಸೂರ್ಯನ ಅತಿನೇರಳೆ ಕಿರಣಗಳು ಮರದ ನಾರುಗಳನ್ನು ಬಂಧಿಸಿರುವ ಲಿಗ್ನಿನ್ ಅಂಶವನ್ನು ಶಿಥಿಲಗೊಳಿಸುತ್ತವೆ. ಬೂದುಬಣ್ಣಕ್ಕೆ ತಿರುಗಿದ ಆ ಸಡಿಲ ಪದರದ ಮೇಲೆ ಹಚ್ಚಿದ ಪ್ರೈಮರ್ ಹಿಡಿಯುವುದು ಸಡಿಲ ನಾರನ್ನೇ ಹೊರತು ಮರವನ್ನಲ್ಲ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ 1910ರಲ್ಲಿ ಸ್ಥಾಪನೆಯಾದ ಅರಣ್ಯ ಉತ್ಪನ್ನಗಳ ಪ್ರಯೋಗಾಲಯವು, ಹೊರಗೆ ಅಳವಡಿಸಿದ ಹೊಸ ಮರಕ್ಕೆ ಎರಡು ವಾರಗಳೊಳಗೆ ಬಣ್ಣದ ರಕ್ಷಣೆ ಒದಗಿಸಬೇಕೆಂದು ಸಲಹೆ ನೀಡಿದೆ. ನೆರಳಿನಲ್ಲಿ ಒಣಗಿಸಿ, ಉಜ್ಜಿ, ತಡಮಾಡದೆ ಪ್ರೈಮರ್ ಹಚ್ಚುವುದೇ ಸರಿಯಾದ ಕ್ರಮ. ಈಗಾಗಲೇ ಬೂದಾಗಿರುವ ಮರವನ್ನು ಹೊಸ ಮರದ ಬಣ್ಣ ಕಾಣುವವರೆಗೆ ಉಜ್ಜಲೇಬೇಕು.

ಮೂರನೆಯ ಪ್ರಶ್ನೆ: ಯಾವ ಬಗೆಯ ಪ್ರೈಮರ್?

ಮರ ಮತ್ತು ತೇವ ತಿಳಿದ ಮೇಲಷ್ಟೇ ಡಬ್ಬಿಯ ವಿಚಾರ. ಮಾರುಕಟ್ಟೆಯಲ್ಲಿ ದೊರೆಯುವ ಮರದ ಪ್ರೈಮರುಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ನೋಡಬಹುದು.

ಎಣ್ಣೆ ಅಥವಾ ಆಲ್ಕಿಡ್ ಆಧಾರಿತ ಪ್ರೈಮರ್ ಮೊದಲನೆಯದು. ಬ್ರಷ್ಷಿನಿಂದ ಹಚ್ಚುವ ಮರದ ಪ್ರೈಮರಿಗಾಗಿ ಐಎಸ್ 3536 ಎಂಬ ಮಾನಕವಿದೆ. ಇದು ನಿಧಾನವಾಗಿ ಒಣಗುವುದರಿಂದ ಮರದೊಳಗೆ ಇಳಿಯಲು ಸಮಯ ಸಿಗುತ್ತದೆ. ನೀರಿನಲ್ಲಿ ಕರಗುವ ಒಗರು-ಬಣ್ಣಗಳನ್ನೂ ಚೆನ್ನಾಗಿ ತಡೆಯುತ್ತದೆ. ಹೊನ್ನೆ, ಹಲಸಿನಂಥ ಮರಗಳಿಗೆ ಇದು ಹೊಂದುತ್ತದೆ. ವರ್ಷಗಳು ಕಳೆದಂತೆ ಪೆಡಸಾಗುವುದು ಇದರ ದೋಷ. ದಪ್ಪವಾಗಿ ಬಳಿದಷ್ಟೂ ಬೇಗ ಬಿರುಕು ಬಿಡುತ್ತದೆ. ಆದ್ದರಿಂದ ತೆಳುವಾಗಿ ಹಚ್ಚಿ, ಕನಿಷ್ಠ ಒಂದು ರಾತ್ರಿ ಒಣಗಲು ಬಿಡಬೇಕು.

ನೀರು ಆಧಾರಿತ ಅಕ್ರಿಲಿಕ್ ಪ್ರೈಮರ್ ಎರಡನೆಯದು. ಬೇಗ ಒಣಗುತ್ತದೆ, ವಾಸನೆ ಕಡಿಮೆ, ಮರದೊಡನೆ ಹಿಗ್ಗಿ ಕುಗ್ಗುವ ಗುಣವಿದೆ, ಒಳಗಿನ ಅಲ್ಪಸ್ವಲ್ಪ ಆವಿಯನ್ನು ಹೊರಬಿಡುತ್ತದೆ. ಸಾಧಾರಣ ಮರಗಳಿಗೂ ಮೇಲಿನ ಕೋಟ್ ಅಕ್ರಿಲಿಕ್ ಆಗಿರುವಲ್ಲಿಯೂ ಇದು ಒಳ್ಳೆಯ ಆಯ್ಕೆ. ಆದರೆ ಕಲೆ ಬಿಡುವ ಮರದ ಮೇಲೆ ಇದರಲ್ಲಿರುವ ನೀರೇ ಒಗರನ್ನು ಕರಗಿಸಿ ಮೇಲಕ್ಕೆ ತರಬಲ್ಲದು. ಅಂಥಲ್ಲಿ ಡಬ್ಬಿಯ ಮೇಲೆ "ಕಲೆ ತಡೆಯುವ" ಗುಣವನ್ನು ಸ್ಪಷ್ಟವಾಗಿ ನಮೂದಿಸಿರುವುದನ್ನೇ ಕೊಡಬೇಕು. ನೀರು ತಾಗಿ ಎದ್ದ ನಾರುಗಳನ್ನು ಒಣಗಿದ ಮೇಲೆ ನಯವಾದ ಮರಳು ಕಾಗದದಿಂದ ಹಗುರವಾಗಿ ಉಜ್ಜುವುದನ್ನೂ ಮರೆಯಬಾರದು.

ಅಲ್ಯೂಮಿನಿಯಂ ಮರದ ಪ್ರೈಮರ್ ಮೂರನೆಯದು. ಅಲ್ಯೂಮಿನಿಯಂನ ಸೂಕ್ಷ್ಮ ಹಲ್ಲೆಗಳು ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಕೂತು ತೇವ ಮತ್ತು ರಾಳಗಳೆರಡಕ್ಕೂ ಅಡ್ಡಗಟ್ಟುತ್ತವೆ. ರಾಳ ಬಿಡುವ ಮರಗಳಿಗೆ ಹಾಗೂ ಜಿಡ್ಡಿನ ಗಟ್ಟಿ ಮರಗಳಿಗೆ ಬ್ರಿಟಿಷ್ ಪದ್ಧತಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಇದರ ಬೂದುಬಣ್ಣ ಮುಚ್ಚಲು ತಿಳಿಬಣ್ಣದ ಮೇಲ್ಕೋಟ್ ಒಂದು ಹೆಚ್ಚು ಬೇಕಾಗಬಹುದು.

ಯಾವ ಬಗೆಯಾದರೂ ಪ್ರೈಮರ್ ಮೊದಲು, ಪುಟ್ಟಿ ಆಮೇಲೆ ಎಂಬ ಕ್ರಮ ತಪ್ಪಬಾರದು. ಬರಿಮರಕ್ಕೆ ಪುಟ್ಟಿ ತುಂಬಿದರೆ ಅದರ ಎಣ್ಣೆಯನ್ನು ಮರವು ಹೀರಿ ಪುಟ್ಟಿ ಪುಡಿಯಾಗುತ್ತದೆ. ಪ್ರೈಮರ್ ಬಿಸಿಲಿಗೆ ತಾಳಲೆಂದು ರೂಪಿಸಿದ ಪದರವೂ ಅಲ್ಲ. ಡಬ್ಬಿಯ ಮೇಲೆ ಸೂಚಿಸಿದ ಅವಧಿಯೊಳಗೆ ಎರಡು ಮೇಲ್ಕೋಟ್ ಬೀಳಲೇಬೇಕು. ಹಾಗೆಯೇ ಪ್ರೈಮರ್ ಗೆದ್ದಲು ನಿರೋಧಕವಲ್ಲ. ಗೆದ್ದಲಿನ ಭಯವಿದ್ದಲ್ಲಿ ಮರದ ಸಂರಕ್ಷಣೆಯನ್ನು ಪ್ರತ್ಯೇಕವಾಗಿ, ಪ್ರೈಮರಿಗೆ ಮೊದಲೇ ಮಾಡಿಸಬೇಕು.

ಕಾಣದ ಬದಿಯ ಲೆಕ್ಕ

ಹೊರಾಂಗಣ ಮರಗೆಲಸ ಕೆಡುವುದು ಬಹುಪಾಲು ಕಣ್ಣಿಗೆ ಕಾಣದ ಬದಿಯಿಂದ. ಗೋಡೆಗೆ ತಾಗುವ ಹಿಂಬದಿ, ಚೌಕಟ್ಟಿನ ಕೆಳತುದಿ, ಕೂಡಿಕೆಯ ಒಳಭಾಗ - ಇವುಗಳಿಗೆ ಪೇಂಟರಿನ ಬ್ರಷ್ ಎಂದೂ ತಲಪುವುದಿಲ್ಲ. ಮರದ ಅಡ್ಡ ಕೊಯ್ದ ತುದಿಯಂತೂ ಕೊಳವೆಗಳ ಕಟ್ಟಿನಂತಿದ್ದು, ಮುಖಭಾಗಕ್ಕಿಂತ ಅನೇಕ ಪಟ್ಟು ವೇಗವಾಗಿ ನೀರನ್ನು ಎಳೆದುಕೊಳ್ಳುತ್ತದೆ. ಅಲ್ಲಿಂದ ಹೊಕ್ಕ ನೀರು ಮುಂಬದಿಯ ಬಣ್ಣವನ್ನು ಹಿಂದಿನಿಂದ ನೂಕುತ್ತದೆ.

ಇದನ್ನು ತಡೆಯಲು ತಗಲುವ ವೆಚ್ಚವೆಷ್ಟು? 8 ಇಂಚು ಅಗಲ, 1 ಇಂಚು ದಪ್ಪದ 100 ಅಡಿ ಅಂಚುಹಲಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಮುಂಭಾಗ ಹಾಗೂ ಕೆಳ ಅಂಚಿಗೆ ಮಾತ್ರ ಹಚ್ಚಿದರೆ 75 ಚದರ ಅಡಿ. ನಾಲ್ಕೂ ಬದಿಗೆ ಹಚ್ಚಿದರೆ 150 ಚದರ ಅಡಿ. ಹೆಚ್ಚುವರಿ 75 ಚದರ ಅಡಿಯೆಂದರೆ ಸುಮಾರು 7 ಚದರ ಮೀಟರ್. ಒಂದು ಲೀಟರಿಗೆ 10 ಚದರ ಮೀಟರ್ ಹರಡುತ್ತದೆಂದು ಇಟ್ಟುಕೊಂಡರೆ ಹೆಚ್ಚು ಬೇಕಾಗುವ ಪ್ರೈಮರ್ ಮುಕ್ಕಾಲು ಲೀಟರಿಗೂ ಕಡಿಮೆ. ತುದಿಗಳಿಗೆ ಎರಡು ಕೋಟ್ ಕೊಟ್ಟರೂ ಒಂದು ಲೀಟರನ್ನು ಮೀರದು. ಇಷ್ಟನ್ನು ಉಳಿಸಲು ಹೋಗಿ ಎರಡು ವರ್ಷದೊಳಗೆ ಅಟ್ಟಣಿಗೆ ಕಟ್ಟಿ, ಹಳೆಯ ಬಣ್ಣ ಕೆರೆದು, ಮತ್ತೆ ಕೂಲಿ ತೆರುವುದನ್ನು ಉಳಿತಾಯವೆನ್ನಲಾಗದು.

ಈ ಕೆಲಸಕ್ಕೆ ಸರಿಯಾದ ಸ್ಥಳ ಕಟ್ಟಡದ ನಿವೇಶನವಲ್ಲ, ತಯಾರಕನ ಕಾರ್ಯಾಗಾರ. ಚೌಕಟ್ಟನ್ನು ಗೋಡೆಗೆ ಕೂರಿಸಿದ ಮೇಲೆ ಹಿಂಬದಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಬಾಗಿಲು-ಕಿಟಕಿ ತಯಾರಿಸುವ ಸಣ್ಣ ಘಟಕಗಳು ಜೋಡಣೆಯ ಮುನ್ನವೇ ಕೂಡಿಕೆಗಳಿಗೆ, ಸಾಗಣೆಯ ಮುನ್ನ ಎಲ್ಲ ಬದಿಗಳಿಗೆ ಪ್ರೈಮರ್ ಹಚ್ಚಿ, ಯಾವ ಪ್ರೈಮರ್, ಯಾವ ದಿನಾಂಕ, ತೇವಾಂಶ ಎಷ್ಟು ಎಂಬ ಚೀಟಿಯನ್ನು ಅಂಟಿಸಿ ಕಳುಹಿಸಿದರೆ ಅದು ಪೈಪೋಟಿಯ ಮಾರುಕಟ್ಟೆಯಲ್ಲಿ ಎದ್ದುಕಾಣುವ ಗುಣಮಟ್ಟವಾಗುತ್ತದೆ. ನಿವೇಶನದಲ್ಲಿ ತುದಿ ಕೊಯ್ದರೆ ಆ ತುದಿಗೆ ಅಲ್ಲಿಯೇ ಮತ್ತೆ ಪ್ರೈಮರ್ ಹಚ್ಚಬೇಕೆಂಬ ಸೂಚನೆಯೂ ಚೀಟಿಯಲ್ಲಿರಲಿ.

ಗುಲಾಬಿ ಬಣ್ಣ ಮತ್ತು ಸೀಸ

ಮರದ ಪ್ರೈಮರ್ ಎಂದೊಡನೆ ಗುಲಾಬಿ ಬಣ್ಣ ನೆನಪಾಗುವುದು ಸಹಜ. ಬಿಳಿ ಸೀಸಕ್ಕೆ ಕೆಂಪು ಸೀಸ ಬೆರೆಸಿದ ಹಿಂದಿನ ಕಾಲದ ಪ್ರೈಮರಿನ ಗುರುತು ಅದು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕವೆಂಬ ಕಾರಣದಿಂದ ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿದ ನಿಯಮಗಳು ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸಿವೆ. 2017ರ ನವೆಂಬರ್ 1ರಿಂದ ಇದು ಜಾರಿಯಲ್ಲಿದೆ. ಇಂದಿನ ಪ್ರೈಮರಿನ ಗುಲಾಬಿಯು ಕೇವಲ ಬಣ್ಣದ ಛಾಯೆ, ಗುಣಮಟ್ಟದ ಮುದ್ರೆಯಲ್ಲ. ಸೀಸದ ಘೋಷಣೆಯಿಲ್ಲದ, ತಯಾರಕರ ವಿಳಾಸವಿಲ್ಲದ ಡಬ್ಬಿಗಳನ್ನು ಎಷ್ಟೇ ಲಾಭವಿದ್ದರೂ ದಾಸ್ತಾನು ಮಾಡದಿರುವುದು ಲೇಸು. ಹಳೆಯ ಮನೆಗಳ ಬಣ್ಣವನ್ನು ಕೆರೆಯುವಾಗ ಒಣದಾಗಿ ಉಜ್ಜದೆ, ಒದ್ದೆ ಮಾಡಿ ಉಜ್ಜಿ, ಮುಖಗವಸು ಧರಿಸಿ, ಪುಡಿಯನ್ನು ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಬೇಕೆಂದು ಪೇಂಟರುಗಳಿಗೆ ತಿಳಿಸುವುದೂ ವರ್ತಕರ ಕರ್ತವ್ಯದ ಭಾಗ.

ಗಲ್ಲಾಪೆಟ್ಟಿಗೆಯ ಮುಂದಿನ ಎರಡು ನಿಮಿಷ

ಮರ ಯಾವುದು, ಒಣಗಿದೆಯೇ, ಎಲ್ಲ ಬದಿಗೂ ಹಚ್ಚುತ್ತೀರಾ, ಮೇಲಿನ ಕೋಟ್ ಯಾವುದು - ಈ ನಾಲ್ಕು ಪ್ರಶ್ನೆಗಳಿಗೆ ಎರಡು ನಿಮಿಷ ಸಾಕು. ಉತ್ತರಗಳನ್ನು ಬಿಲ್ಲಿನ ಮೇಲೆ ಒಂದು ಸಾಲಿನಲ್ಲಿ ಬರೆದುಕೊಟ್ಟರೆ ನಾಳೆ ಬರಬಹುದಾದ ತಕರಾರಿಗೆ ಅದೇ ದಾಖಲೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ 2019, ಉತ್ಪನ್ನ ಹೊಣೆಗಾರಿಕೆಯನ್ನು ವಿವರಿಸುವಾಗ ಮಾರಾಟಗಾರನನ್ನೂ ಪರಿಗಣಿಸಿದೆ. ತಯಾರಕರು ಕೊಡದ ಭರವಸೆಯನ್ನು ತಾನಾಗಿ ಕೊಡುವುದೂ, ತಯಾರಕರ ಎಚ್ಚರಿಕೆ ಹಾಗೂ ಬಳಕೆಯ ಸೂಚನೆಗಳನ್ನು ಗ್ರಾಹಕರಿಗೆ ತಲಪಿಸದಿರುವುದೂ ಅಲ್ಲಿ ಪ್ರಸ್ತಾಪಗೊಂಡ ವಿಷಯಗಳು. "ಹತ್ತು ವರ್ಷ ಏನೂ ಆಗುವುದಿಲ್ಲ" ಎಂಬ ಬಾಯಿಮಾತಿಗಿಂತ "ಒಣಮರಕ್ಕೆ ಮಾತ್ರ, ಎಲ್ಲ ಬದಿಗೆ" ಎಂಬ ಬರಹವೇ ವರ್ತಕನಿಗೆ ರಕ್ಷೆ.

ಹೊಸ ಪ್ರೈಮರೊಂದನ್ನು ಮಾರಾಟಕ್ಕೆ ತರುವ ಮುನ್ನ ಸ್ಥಳೀಯ ಮರದ ನಾಲ್ಕಾರು ತುಂಡುಗಳ ಮೇಲೆ ಅದನ್ನು ಹಚ್ಚಿ, ಮಳಿಗೆಯ ಮಾಳಿಗೆಯ ಮೇಲೆ ಒಂದು ಮಳೆಗಾಲ ಇರಿಸುವುದು ಯಾರಿಗೂ ಸಾಧ್ಯವಾದ ಪರೀಕ್ಷೆ. ಮಳೆ ಮುಗಿದು ತುಂಡು ಒಣಗಿದ ಮೇಲೆ ಬ್ಲೇಡಿನಿಂದ ಚೌಕುಳಿಯಾಗಿ ಗೀರಿ, ಅಂಟುಪಟ್ಟಿ ಒತ್ತಿ, ಜಗ್ಗಿ ಎಳೆದಾಗ ಚೌಕಗಳು ಮರದ ಮೇಲೆಯೇ ಉಳಿದರೆ ಆ ಪ್ರೈಮರನ್ನು ನಂಬಿಕೆಯಿಂದ ಶಿಫಾರಸು ಮಾಡಬಹುದು. ಪಟ್ಟಿಯೊಡನೆ ಎದ್ದು ಬಂದರೆ ಆ ನಷ್ಟವು ಒಂದು ತುಂಡು ಮರದ್ದಷ್ಟೇ, ಗ್ರಾಹಕರ ವಿಶ್ವಾಸದ್ದಲ್ಲ. ಬಣ್ಣದ ವ್ಯಾಪಾರದಲ್ಲಿ ಮತ್ತೆ ಮತ್ತೆ ಮಳಿಗೆಗೆ ಬರಬೇಕಾದದ್ದು ಗ್ರಾಹಕರೇ ಹೊರತು ಅವರ ದೂರುಗಳಲ್ಲ.